ಬೆಳಗಾವಿಯ ಬಹುಭಾಷಿಕ ತರಗತಿಗಳಲ್ಲಿ ಆಶುನಾಟಕ: ಶಿಕ್ಷಕರಿಗೆ ಒಂದು ಮಾರ್ಗದರ್ಶಿ

ಬೆಳಗಾವಿ ನಗರದ ಮತ್ತು ಅದರ ಸುತ್ತಲಿನ ತಾಲೂಕುಗಳ ಅನೇಕ ಪ್ರೌಢಶಾಲೆಗಳಲ್ಲಿ ಮನೆಯಲ್ಲಿ ಕನ್ನಡ ಮಾತನಾಡುವ, ಮರಾಠಿ ಮಾತನಾಡುವ, ಉರ್ದು ಮಾತನಾಡುವ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತು ಕಲಿಯುತ್ತಾರೆ. ಖಾನಾಪುರದ ಕಡೆಯಿಂದ ಬಂದವರಲ್ಲಿ ಕೊಂಕಣಿಯ ಮನೆಗಳವರೂ, ಕಬ್ಬು ಕಡಿಯುವ ಹಂಗಾಮಿನಲ್ಲಿ ತಂದೆತಾಯಿಯರ ಗ್ಯಾಂಗಿನ ಜೊತೆ ಬಂದವರಲ್ಲಿ ವಿಜಯಪುರದ ತಾಂಡಾಗಳ ಲಂಬಾಣಿ ಮಕ್ಕಳೂ ಇರಬಹುದು. ಈ ಮಕ್ಕಳು ಪರಸ್ಪರರನ್ನು ಅರಿಯಲಿ ಎಂದು ಶಾಲೆಗಳು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ: ರಾಜ್ಯೋತ್ಸವದ ದಿನವೋ ವಾರ್ಷಿಕ ಸ್ನೇಹ ಸಮ್ಮೇಳನದ ದಿನವೋ ಒಬ್ಬರಿಗೆ ಇಳಕಲ್ ಸೀರೆ, ಇನ್ನೊಬ್ಬರಿಗೆ ಒಂಬತ್ತು ಗಜದ ಸೀರೆ, ಮತ್ತೊಬ್ಬರಿಗೆ ಶೇರವಾನಿ ತೊಡಿಸಿ ವೇದಿಕೆಯ ಮೇಲೆ ನಡೆಸುವುದು. ಆ ಮೆರವಣಿಗೆ ನೋಡಲು ಚೆಂದ. ಆದರೆ ಸಂಸ್ಕೃತಿ ಎಂದರೆ ಬಟ್ಟೆ, ಹಬ್ಬ ಮತ್ತು ತಿನಿಸು ಎಂಬುದನ್ನಷ್ಟೇ ಅದು ಕಲಿಸುತ್ತದೆ. ಮರುದಿನ ಊಟದ ಬಿಡುವಿನಲ್ಲಿ ಆ ಮಕ್ಕಳು ಮತ್ತೆ ತಮ್ಮ ತಮ್ಮ ಭಾಷೆಯ ಗುಂಪಿನಲ್ಲಿಯೇ ಕುಳಿತಿರುತ್ತಾರೆ.

ಆಶುನಾಟಕ, ಅಂದರೆ ಬರೆದ ಮಾತಿಲ್ಲದೆ, ಕೊಟ್ಟ ಸನ್ನಿವೇಶದಲ್ಲಿ ಅಲ್ಲಿಯೇ ಹೊಳೆದ ಮಾತು ಮತ್ತು ನಡೆಯಿಂದ ಕಟ್ಟುವ ನಾಟಕ, ಇದಕ್ಕಿಂತ ಹೆಚ್ಚಿನದನ್ನು ಮಾಡಬಲ್ಲದು. ಅದಕ್ಕೆ ಒಂದು ಷರತ್ತು ಇದೆ, ಮತ್ತು ಈ ಲೇಖನದ ಎಲ್ಲ ಹೆಜ್ಜೆಗಳೂ ಆ ಷರತ್ತಿನಿಂದ ಹುಟ್ಟಿದವು: ಮಕ್ಕಳಿಂದ ಇನ್ನೊಂದು ಸಮುದಾಯದ ಅಭಿನಯ ಮಾಡಿಸಬೇಡಿ, ಇಬ್ಬರು ಮನುಷ್ಯರು ಎದುರಾಗುವ ಗಳಿಗೆಯ ಅಭಿನಯ ಮಾಡಿಸಿರಿ. ಮರಾಠಿ ಹುಡುಗ ‘ಕನ್ನಡದವನಾಗಿ’, ಹಿಂದೂ ಹುಡುಗಿ ‘ಮುಸ್ಲಿಂ ಹೆಣ್ಣುಮಗಳಾಗಿ’ ನಟಿಸಿದರೆ ರಂಗದ ಮೇಲೆ ಬರುವುದು ಅವರ ತಲೆಯಲ್ಲಿ ಮೊದಲೇ ಇದ್ದ ಚಿತ್ರ ಮಾತ್ರ. ಅದೇ ಮಕ್ಕಳು ತಾವು ತಾವಾಗಿಯೇ ಉಳಿದು, ಭಾಷೆ ಪೂರ್ತಿ ತಿಳಿಯದ ಒಬ್ಬರಿಗೆ ದಾರಿ ಹೇಳಬೇಕಾದ ಸನ್ನಿವೇಶವನ್ನು ಆಡಿದರೆ ತಮಗೆ ಗೊತ್ತಿಲ್ಲದ ಸಂಗತಿಯೊಂದನ್ನು ಅಲ್ಲಿಯೇ ಕಂಡುಕೊಳ್ಳುತ್ತಾರೆ.

ಈ ಆಟಗಳು ಎಲ್ಲಿಂದ ಬಂದವು

ಇಂದು ಜಗತ್ತಿನ ಶಾಲೆಗಳಲ್ಲಿ ಬಳಕೆಯಲ್ಲಿರುವ ರಂಗ ಆಟಗಳ ದೊಡ್ಡ ಪಾಲು ಅಮೆರಿಕದ ಶಿಕಾಗೋ ನಗರದಲ್ಲಿ ರೂಪುಗೊಂಡಿತು. ವಯೋಲಾ ಸ್ಪೋಲಿನ್ ಅವರು ಅಲ್ಲಿನ ಹಲ್ ಹೌಸ್ ಎಂಬ ಸೇವಾಕೇಂದ್ರದಲ್ಲಿ ನೇವಾ ಬಾಯ್ಡ್ ಅವರಿಂದ ಆಟಗಳ ಮೂಲಕ ಕಲಿಸುವ ಕ್ರಮವನ್ನು ಕಲಿತರು. 1930ರ ದಶಕದ ಕೊನೆಯಲ್ಲಿ ಸರಕಾರಿ ಯೋಜನೆಯೊಂದರ ನಾಟಕ ಮೇಲ್ವಿಚಾರಕಿಯಾಗಿ ಅವರು ಬೇರೆ ಬೇರೆ ದೇಶಗಳಿಂದ ವಲಸೆ ಬಂದ ಕುಟುಂಬಗಳ ಮಕ್ಕಳೊಂದಿಗೆ ಕೆಲಸ ಮಾಡಿದರು. ಭಾಷೆ, ನಡವಳಿಕೆ ಎಲ್ಲವೂ ಬೇರೆಯಾಗಿದ್ದ ಆ ಮಕ್ಕಳಿಗೆ ವಿವರಿಸಿ ಹೇಳುವುದಕ್ಕಿಂತ, ಒಂದು ನಿಯಮ ಮತ್ತು ಒಂದು ಗುರಿಯುಳ್ಳ ಆಟವನ್ನು ಮುಂದಿಡುವುದು ಫಲ ಕೊಡುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಈ ಆಟಗಳನ್ನು ಅವರು 1963ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಹೀಗೆ ನೋಡಿದರೆ ಅಂತರ್‌ಸಾಂಸ್ಕೃತಿಕ ಶಿಕ್ಷಣಕ್ಕೆ ಆಶುನಾಟಕವನ್ನು ನಾವು ಹೊಸದಾಗಿ ಒಗ್ಗಿಸುತ್ತಿಲ್ಲ; ಅದು ಹುಟ್ಟಿದ್ದೇ ಬಹುಭಾಷಿಕ ಮಕ್ಕಳ ನಡುವೆ.

ನಮ್ಮ ಸೀಮೆಗೂ ಇದು ಪರಕೀಯವಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಶ್ರೀಕೃಷ್ಣ ಪಾರಿಜಾತವೆಂಬ ಜನಪದ ನಾಟಕದಲ್ಲಿಯೂ ಸಣ್ಣಾಟಗಳಲ್ಲಿಯೂ ಹಾಡು ಮೊದಲೇ ಗೊತ್ತಿರುತ್ತದೆ, ಹಾಡಿನ ನಡುವಿನ ಮಾತನ್ನು ಬಹಳಷ್ಟು ಸಲ ಕಲಾವಿದರು ಎದುರಿಗಿರುವ ಊರನ್ನೂ ಜನರನ್ನೂ ನೋಡಿ ಅಲ್ಲಿಯೇ ಕಟ್ಟುತ್ತಾರೆ. ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರು ಪಾರಿಜಾತವನ್ನು ಊರೂರಿಗೆ ಕೊಂಡೊಯ್ದದ್ದು ಇದೇ ಬಗೆಯ ಮಾತಿನ ಬಲದಿಂದ. ದೊಡ್ಡಾಟದಲ್ಲಿ ರಂಗಕ್ಕೆ ಬಂದ ಪಾತ್ರವನ್ನು ತಡೆದು, ತಾವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳುವ ಸಾರಥಿ ಇದ್ದಾನೆ. ಪ್ರೇಕ್ಷಕರ ಪರವಾಗಿ ಕೇಳುವ ಆ ಸಾರಥಿಯ ಕೆಲಸವೇ ಈ ತರಗತಿಯಲ್ಲಿ ಶಿಕ್ಷಕರ ಕೆಲಸ. ಇಲ್ಲಿಯ ಮಕ್ಕಳಿಗೆ ‘ಸಂಯೋಜಕ’ ಎಂಬ ಮಾತಿಗಿಂತ ‘ಸಾರಥಿ’ ಎಂಬ ಮಾತು ಬೇಗ ತಿಳಿಯುತ್ತದೆ ಎಂದು ಮುಂದೆಲ್ಲ ಅದನ್ನೇ ಬಳಸಿದ್ದೇನೆ.

ತಯಾರಿ

ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ ಅವರು 1954ರಲ್ಲಿ ಮಂಡಿಸಿದ ವಿಚಾರವೊಂದು ಈ ತಯಾರಿಗೆ ಆಧಾರವಾಗಬಲ್ಲದು. ಬೇರೆ ಬೇರೆ ಗುಂಪಿನವರು ಒಟ್ಟಿಗೆ ಸೇರಿದ ಮಾತ್ರಕ್ಕೆ ಪೂರ್ವಗ್ರಹ ಕಡಿಮೆಯಾಗುವುದಿಲ್ಲ. ಆ ಭೇಟಿಯಲ್ಲಿ ಇಬ್ಬರಿಗೂ ಸಮಾನ ಸ್ಥಾನವಿರಬೇಕು, ಇಬ್ಬರಿಗೂ ಒಂದೇ ಗುರಿ ಇರಬೇಕು, ಆ ಗುರಿಯನ್ನು ಸಹಕಾರದಿಂದ ಮುಟ್ಟುವಂತಿರಬೇಕು, ಮತ್ತು ಇದೆಲ್ಲಕ್ಕೂ ಹಿರಿಯರ, ಸಂಸ್ಥೆಯ ಬೆಂಬಲ ಎದ್ದು ಕಾಣಬೇಕು ಎಂದು ಅವರು ಹೇಳಿದರು. ಒಳ್ಳೆಯ ಆಶುನಾಟಕದ ಆಟದಲ್ಲಿ ಮೊದಲ ಮೂರು ತಾವಾಗಿಯೇ ಒದಗುತ್ತವೆ. ನಾಲ್ಕನೆಯದನ್ನು ನೀವು ಗಳಿಸಬೇಕಾಗುತ್ತದೆ.

ಆದ್ದರಿಂದ ಮುಖ್ಯೋಪಾಧ್ಯಾಯರಿಗೆ ಯೋಜನೆಯನ್ನು ಒಂದು ಪುಟದಲ್ಲಿ ಬರೆದು ಕೊಡಿರಿ, ಪಾಲಕರ ಸಭೆಯಲ್ಲಿ ಅದನ್ನು ವಿವರಿಸಿರಿ, ಮತ್ತು ಸಾಧ್ಯವಿದ್ದರೆ ಮನೆಮಾತು ಬೇರೆಯಾಗಿರುವ ಇಬ್ಬರು ಶಿಕ್ಷಕರು ಜೊತೆಯಾಗಿ ತರಗತಿಯನ್ನು ನಡೆಸಿರಿ. ಕನ್ನಡ ಶಾಲೆ ಮತ್ತು ಮರಾಠಿ ಅಥವಾ ಉರ್ದು ಶಾಲೆ ಒಂದೇ ಓಣಿಯಲ್ಲಿದ್ದರೆ ಎರಡೂ ಶಾಲೆಗಳ ಮಕ್ಕಳನ್ನು ಸೇರಿಸುವುದು ಇನ್ನೂ ಒಳ್ಳೆಯದು. ಆಗ ಒಂದು ವಾರ ಇವರ ಶಾಲೆ, ಇನ್ನೊಂದು ವಾರ ಅವರ ಶಾಲೆ ಎಂದು ಜಾಗ ಬದಲಿಸಿರಿ; ಪ್ರತಿ ವಾರ ಒಂದೇ ಗುಂಪು ಅತಿಥಿಯಾಗಿ ಬರುತ್ತಿದ್ದರೆ ಸಮಾನ ಸ್ಥಾನ ಎಂಬುದು ಬಾಗಿಲಲ್ಲಿಯೇ ಮುರಿದುಬಿದ್ದಿರುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಬಹುಭಾಷಿಕತೆಯನ್ನು ಕಲಿಕೆಯ ಸಂಪನ್ಮೂಲವೆಂದು ಕಂಡಿತ್ತು, ನಾಟಕವೂ ಸೇರಿದಂತೆ ಕಲೆಗಳನ್ನು ಶಾಲಾ ಶಿಕ್ಷಣದ ಭಾಗವೆಂದೇ ಪರಿಗಣಿಸಿತ್ತು. ಅನುಮತಿ ಕೇಳುವಾಗ ಈ ಮಾತು ನಿಮ್ಮ ನೆರವಿಗೆ ಬರುತ್ತದೆ.

ಇಪ್ಪತ್ತರಿಂದ ಇಪ್ಪತ್ನಾಲ್ಕು ಮಕ್ಕಳು, ಎರಡು ಪೀರಿಯಡ್ ಸೇರಿಸಿದ ಸಮಯ, ವಾರಕ್ಕೆ ಒಂದು ಸಲ, ಎಂಟು ವಾರ: ಇಷ್ಟು ಸಿಕ್ಕರೆ ಸಾಕು. ತರಗತಿಯಲ್ಲಿ ಅರವತ್ತು ಮಕ್ಕಳಿದ್ದರೆ ಅರ್ಧದಷ್ಟು ಮಕ್ಕಳು ಆಡಲಿ, ಉಳಿದವರು ನಿರ್ದಿಷ್ಟವಾದ ಒಂದು ಸಂಗತಿಯನ್ನು ಗಮನಿಸಿ ಬರೆದುಕೊಳ್ಳಲಿ, ಮುಂದಿನ ವಾರ ಸ್ಥಾನಗಳು ಬದಲಾಗಲಿ. ವೇದಿಕೆ ಬೇಡ, ಬೆಂಚುಗಳನ್ನು ಗೋಡೆಗೆ ಸರಿಸಿದ ಕೋಣೆ, ಪಡಸಾಲೆ ಅಥವಾ ಗಿಡದ ನೆರಳು ಸಾಕು. ವೇಷಭೂಷಣವೂ ಬೇಡ. ಒಂದು ಟವೆಲ್ಲು, ಒಂದು ಕೋಲು, ಎರಡು ಕುರ್ಚಿ, ನಿಲ್ಲಿಸಲು ಮತ್ತು ಮುಂದುವರಿಸಲು ಶಾಲೆಯ ಒಂದು ಸಣ್ಣ ಗಂಟೆ, ಇಷ್ಟರಲ್ಲಿ ಎಲ್ಲವೂ ನಡೆಯುತ್ತದೆ.

ಮೊದಲ ದಿನವೇ ಮಾಡಿಕೊಳ್ಳಬೇಕಾದ ಒಪ್ಪಂದಗಳು

ಆಶುನಾಟಕದ ಅತಿ ಪ್ರಸಿದ್ಧ ನಿಯಮವೆಂದರೆ ಜೊತೆಗಾರ ಮುಂದಿಟ್ಟದ್ದನ್ನು ನಿರಾಕರಿಸದೆ ಒಪ್ಪಿ, ಅದಕ್ಕೆ ತನ್ನದೊಂದನ್ನು ಕೂಡಿಸುವುದು. ಒಬ್ಬಳು ಖಾಲಿ ಕೈಯನ್ನು ಮುಂದೆ ಚಾಚಿ “ತಗೋರಿ ಕಾಕಾ, ಬಿಸಿ ಚಹಾ” ಎಂದರೆ ಇನ್ನೊಬ್ಬ “ಎಲ್ಲೈತಿ ಚಹಾ?” ಎನ್ನಬಾರದು, “ಹೌದವಾ, ಸಕ್ಕರಿ ಸ್ವಲ್ಪ ಹೆಚ್ಚಾತು ನೋಡು” ಎನ್ನಬೇಕು. ಮಕ್ಕಳು ಇದನ್ನು ಹತ್ತು ನಿಮಿಷದಲ್ಲಿ ಕಲಿಯುತ್ತಾರೆ, ಮತ್ತು ಪರಸ್ಪರ ಕೇಳಿಸಿಕೊಳ್ಳುವ ಅಭ್ಯಾಸವನ್ನು ಇದರಷ್ಟು ಚೆನ್ನಾಗಿ ಕಲಿಸುವ ಆಟ ಇನ್ನೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಆದರೆ ಬಹುಸಂಸ್ಕೃತಿಯ ಗುಂಪಿನಲ್ಲಿ ಈ ನಿಯಮವನ್ನು ಹಾಗೆಯೇ ಬಿಟ್ಟರೆ ಅಪಾಯವಿದೆ. ಒಬ್ಬ ಹುಡುಗ ದೃಶ್ಯದ ನಡುವೆ ಸಹಪಾಠಿಯನ್ನು ಆಕೆಯ ಜಾತಿ, ಧರ್ಮ ಅಥವಾ ಭಾಷೆಯ ಬಗೆಗಿನ ಚುಚ್ಚುಮಾತಿನಿಂದ ಕರೆದರೆ, ಒಪ್ಪಿ ಮುಂದುವರಿಯುವ ನಿಯಮವು ಆ ಮಗುವನ್ನು ತನ್ನ ಅವಮಾನಕ್ಕೆ ತಾನೇ ತಲೆದೂಗುವಂತೆ ಮಾಡುತ್ತದೆ. ಆದ್ದರಿಂದ ಎರಡನೆಯ ನಿಯಮವನ್ನು ಮೊದಲನೆಯದರ ಜೊತೆಗೇ ಕಲಿಸಿರಿ: ಯಾರು ಬೇಕಾದರೂ, ಆಡುವವರಾಗಲಿ ನೋಡುವವರಾಗಲಿ, ಅಂಗೈ ಎತ್ತಿ “ತಡೀರಿ” ಎನ್ನಬಹುದು, ಆಗ ಆಟ ಅಲ್ಲಿಗೇ ನಿಲ್ಲುತ್ತದೆ, ಕಾರಣವನ್ನು ಯಾರೂ ಕೇಳುವುದಿಲ್ಲ, ದೃಶ್ಯವನ್ನು ಆ ಮಾತಿಗೆ ಮುಂಚಿನ ಜಾಗದಿಂದ ಮತ್ತೆ ಆರಂಭಿಸಲಾಗುತ್ತದೆ. ಈ ಸಂಜ್ಞೆಯನ್ನು ಬರಿಯ ಬಾಯಿಮಾತಿನಲ್ಲಿ ಹೇಳಿದರೆ ಯಾವ ಮಗುವೂ ಅದನ್ನು ಬಳಸುವುದಿಲ್ಲ. ಮೊದಲ ದಿನ ಸುಮ್ಮನೆ ನಡೆಯುವ ಆಟವೊಂದರಲ್ಲಿ ಪ್ರತಿಯೊಬ್ಬರಿಂದಲೂ ಒಂದೊಂದು ಸಲ ತಡೆ ಹಾಕಿಸಿರಿ, ಆಮೇಲೆ ಅದು ಕೈಗೆ ಒಗ್ಗುತ್ತದೆ.

ಉಳಿದ ಒಪ್ಪಂದಗಳನ್ನು ಚಿಕ್ಕದಾಗಿ ಹೇಳಬಹುದು. ಆಡಲು ಇಷ್ಟವಿಲ್ಲದ ದಿನ ಗಂಟೆ ಬಾರಿಸುವ, ಗಮನಿಸಿ ಬರೆಯುವ ಕೆಲಸವನ್ನು ಯಾರೂ ಕೇಳಿ ಪಡೆಯಬಹುದು. ದೃಶ್ಯದಲ್ಲಿ ನಡೆದದ್ದನ್ನು ಹೊರಗೆ ಹೋಗಿ ಆಡಿಕೊಳ್ಳಬಾರದು. ಮೊಬೈಲಿನಲ್ಲಿ ಚಿತ್ರೀಕರಿಸಬಾರದು, ಇದು ಶಿಕ್ಷಕರಿಗೂ ಅನ್ವಯಿಸುತ್ತದೆ, ಯಾಕೆಂದರೆ ಅರ್ಧ ನಿಮಿಷದ ತುಣುಕೊಂದು ಸಂದರ್ಭದಿಂದ ಹರಿದುಹೋಗಿ ಊರಿನ ಗುಂಪುಗಳಲ್ಲಿ ಸುತ್ತತೊಡಗಿದರೆ ಭಾಷೆಯ ವಿಷಯ ಸೂಕ್ಷ್ಮವಾಗಿರುವ ಈ ಜಿಲ್ಲೆಯಲ್ಲಿ ಅದನ್ನು ಹಿಂಪಡೆಯುವುದು ಆಗದ ಮಾತು.

ಮೊದಲ ಎರಡು ವಾರ: ಮಾತಿಲ್ಲದ ಆಟಗಳು

ಭಾಷೆಯೇ ಮಕ್ಕಳನ್ನು ಬೇರ್ಪಡಿಸಿರುವಾಗ ಭಾಷೆಯಿಂದ ಆರಂಭಿಸುವುದು ತರವಲ್ಲ. ಸ್ಪೋಲಿನ್ ಅವರ ಕನ್ನಡಿ ಆಟ ಒಳ್ಳೆಯ ಮೊದಲ ಹೆಜ್ಜೆ. ಇಬ್ಬರು ಎದುರುಬದುರು ನಿಲ್ಲುತ್ತಾರೆ. ಒಬ್ಬರು ನಿಧಾನವಾಗಿ ಕೈ, ತಲೆ, ಭುಜ ಚಲಿಸುತ್ತಾರೆ, ಇನ್ನೊಬ್ಬರು ಕನ್ನಡಿಯಂತೆ ಅದನ್ನೇ ಅದೇ ಗಳಿಗೆಯಲ್ಲಿ ಮಾಡುತ್ತಾರೆ. ಎರಡು ನಿಮಿಷದ ಬಳಿಕ ಗಂಟೆ ಬಾರಿಸಿ ಸ್ಥಾನ ಬದಲಿಸಿರಿ. ಮೂರನೆಯ ಸಲ ಮುಂದಾಳು ಯಾರೂ ಇಲ್ಲ ಎಂದು ಹೇಳಿರಿ: ಇಬ್ಬರೂ ಇನ್ನೊಬ್ಬರನ್ನು ಅನುಸರಿಸಬೇಕು. ಮೊದಲು ಚಲನೆ ನಿಂತೇಹೋಗುತ್ತದೆ, ಆಮೇಲೆ ಇಬ್ಬರ ನಡುವೆ ತಾನಾಗಿಯೇ ಹುಟ್ಟುತ್ತದೆ, ಅದನ್ನು ಆರಂಭಿಸಿದವರು ಯಾರೆಂದು ಅವರಿಗೇ ಹೇಳಲಾಗುವುದಿಲ್ಲ. ಬೇರೆ ಬೇರೆ ಮನೆಮಾತಿನ ಮಕ್ಕಳನ್ನು ಜೋಡಿಮಾಡುವಾಗ ಹೆಸರು ಹಿಡಿದು ಕರೆದು ಜೋಡಿಸಬೇಡಿ. ಹುಟ್ಟಿದ ತಿಂಗಳಿನ ಪ್ರಕಾರ ಸಾಲಾಗಿ ನಿಲ್ಲಿಸಿ ಪಕ್ಕದವರನ್ನು ಜೋಡಿಮಾಡಿದರೆ ಸಾಕು. ಹುಡುಗ ಹುಡುಗಿಯರು ಎದುರುಬದುರು ನಿಂತು ಕಣ್ಣಿಟ್ಟು ನೋಡುವುದಕ್ಕೆ ಅನೇಕ ಶಾಲೆಗಳಲ್ಲಿ ಸಂಕೋಚವಿರುತ್ತದೆ. ಆ ಸಂಕೋಚವನ್ನು ಮೊದಲ ವಾರವೇ ಮುರಿಯುವ ಹಟ ಬೇಡ.

ಇದರ ಮುಂದಿನ ಆಟದಲ್ಲಿ ದನಿ ಬರುತ್ತದೆ, ಅರ್ಥ ಬರುವುದಿಲ್ಲ. ಅರ್ಥವಿಲ್ಲದ ಶಬ್ದಗಳಲ್ಲಿಯೇ ಮಾತನಾಡಿ ಎದುರಿನವರಿಗೆ ವಿಷಯ ಮುಟ್ಟಿಸುವ ಈ ಆಟವೂ ಸ್ಪೋಲಿನ್ ಪರಂಪರೆಯದೇ. ಇದನ್ನು ನಮ್ಮಲ್ಲಿ ಬಳಸುವಾಗ ಒಂದು ತಿದ್ದುಪಡಿ ಬೇಕೇ ಬೇಕು. “ಯಾವುದಾದರೂ ಸುಳ್ಳುಭಾಷೆ ಮಾತನಾಡಿ” ಎಂದು ಬಿಟ್ಟುಬಿಟ್ಟರೆ ಮಕ್ಕಳು ತಮಗೆ ತಿಳಿಯದ ನೆರೆಯವರ ಭಾಷೆಯ ಲಯವನ್ನು ಅಣಕಿಸತೊಡಗುತ್ತಾರೆ. ತಾಂಡಾದ ಮಾತನ್ನೋ, ಈಶಾನ್ಯ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳ ಮಾತನ್ನೋ ಹಾಗೆ ಅಣಕಿಸಿದಾಗ ಕೋಣೆಯಲ್ಲಿ ನಗು ಏಳುತ್ತದೆ, ಒಬ್ಬರ ಮುಖ ಬಾಡುತ್ತದೆ. ಅದಕ್ಕೆ ಬದಲಾಗಿ ಶಬ್ದಗಳನ್ನು ನೀವೇ ಕೊಡಿರಿ. ಹಿಂದುಸ್ತಾನಿ ಸಂಗೀತದ ಈ ಸೀಮೆಯಲ್ಲಿ ತಬಲಾದ ಬೋಲುಗಳು ಅಪರಿಚಿತವಲ್ಲ: ಧಾ, ಧಿನ್, ನಾ, ತಿನ್, ಗೆ, ತಿರಕಿಟ. ಈ ಆರು ಶಬ್ದಗಳನ್ನು ಹಲಗೆಯ ಮೇಲೆ ಬರೆದು, ಇವಿಷ್ಟರಲ್ಲಿಯೇ ಒಬ್ಬರು ಸಂತೆಯಲ್ಲಿ ಮೆಣಸಿನಕಾಯಿ ಮಾರಬೇಕು, ಇನ್ನೊಬ್ಬರು ಚೌಕಾಸಿ ಮಾಡಬೇಕು ಎಂದು ಹೇಳಿರಿ. ಯಾರ ಮನೆಮಾತೂ ಅಲ್ಲದ, ಯಾರನ್ನೂ ಅಣಕಿಸದ ಭಾಷೆಯೊಂದು ಅಲ್ಲಿಯೇ ಸಿದ್ಧವಾಗುತ್ತದೆ. ದನಿಯ ಏರಿಳಿತ, ಹುಬ್ಬು, ಕೈ, ನಿಲ್ಲುವ ದೂರ, ಇವುಗಳಿಂದಲೇ ಎಷ್ಟು ತಿಳಿಯುತ್ತದೆ ಎಂಬುದನ್ನು ಮಕ್ಕಳು ಕಾಣುತ್ತಾರೆ.

ಮೂರನೆಯ ವಾರ: ಮೇಲು ಕೀಳಿನ ಆಟ

ಸಂಸ್ಕೃತಿಗಳ ನಡುವಿನ ಕಹಿ ಹೆಚ್ಚಿನ ಸಲ ಹುಟ್ಟುವುದು ಸ್ಥಾನದ ಪ್ರಶ್ನೆಯಿಂದ, ಯಾರು ಯಾರನ್ನು ಹೇಗೆ ಮಾತನಾಡಿಸಿದರು ಎಂಬುದರಿಂದ. ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ಕೆಲಸ ಮಾಡಿ ಮುಂದೆ ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆಸಿದ ಕೀತ್ ಜಾನ್‌ಸ್ಟನ್ ಅವರು, ಇಬ್ಬರು ಎದುರಾದಾಗ ನಿಲುವು, ನೋಟ, ಮಾತಿನ ವೇಗ ಇತ್ಯಾದಿಗಳಲ್ಲೆಲ್ಲ ಈ ಮೇಲು ಕೀಳಿನ ತೂಗಾಟ ನಡೆದೇ ಇರುತ್ತದೆ ಎಂಬುದನ್ನು ಆಶುನಾಟಕದ ಅಭ್ಯಾಸಗಳಿಂದ ತೋರಿಸಿಕೊಟ್ಟರು.

ಇದನ್ನು ಕಲಿಸಲು ಅನೇಕ ಕಡೆ ಇಸ್ಪೀಟಿನ ಎಲೆಗಳನ್ನು ಬಳಸುತ್ತಾರೆ. ಇಸ್ಪೀಟನ್ನು ಜೂಜಿನೊಂದಿಗೆ ಜೋಡಿಸಿ ನೋಡುವ ಪಾಲಕರಿರುವುದರಿಂದ 1ರಿಂದ 10ರವರೆಗೆ ಅಂಕಿ ಬರೆದ ಚೀಟಿಗಳನ್ನು ಮಾಡಿಕೊಳ್ಳುವುದು ಕ್ಷೇಮ. ಪ್ರತಿ ಮಗು ಚೀಟಿಯನ್ನು ನೋಡದೆ ಹಣೆಯ ಮೇಲೆ ಹಿಡಿದುಕೊಳ್ಳಬೇಕು. ಉಳಿದವರಿಗೆ ಅಂಕಿ ಕಾಣುತ್ತದೆ, ತನಗೆ ಕಾಣುವುದಿಲ್ಲ. ಒಂದು ಮದುವೆಯ ಮನೆಯೆಂದುಕೊಂಡು ಎಲ್ಲರೂ ಓಡಾಡಲಿ, ಎದುರಾದವರನ್ನು ಅವರ ಅಂಕಿಗೆ ತಕ್ಕಂತೆ ಉಪಚರಿಸಲಿ. ಬೈಗುಳ ಬೇಡ, ಅಂಕಿಯನ್ನು ಹೇಳುವುದೂ ಬೇಡ. ಐದು ನಿಮಿಷದ ನಂತರ ತಮ್ಮ ಅಂಕಿ ಎಷ್ಟಿರಬಹುದೆಂದು ಊಹಿಸಿ ಸಾಲಾಗಿ ನಿಲ್ಲಲು ಹೇಳಿರಿ. ಎರಡು ಮೂರರ ಚೀಟಿಯವರು ಬಹುತೇಕ ತಪ್ಪದೆ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತಾರೆ. “ನಿನ್ನದು ಸಣ್ಣ ಅಂಕಿ ಎಂದು ನಿನಗೆ ಹೇಗೆ ತಿಳಿಯಿತು?” ಎಂದು ಕೇಳಿರಿ. ಕುಳಿತುಕೋ ಎನ್ನಲಿಲ್ಲ, ನನ್ನ ಮಾತು ಮುಗಿಯುವ ಮೊದಲೇ ಆ ಕಡೆ ತಿರುಗಿದರು, ಹೆಸರು ಕೇಳಲಿಲ್ಲ ಎಂಬಂಥ ಉತ್ತರಗಳನ್ನು ಹಲಗೆಯ ಮೇಲೆ ಅವರದೇ ಮಾತಿನಲ್ಲಿ ಬರೆಯಿರಿ. ಆ ಪಟ್ಟಿಯನ್ನು ಅಳಿಸಬೇಡಿ. ಮುಂದಿನ ವಾರಗಳಲ್ಲಿ ಭಾಷೆ ತಿಳಿಯದವರನ್ನು ಕೌಂಟರಿನಲ್ಲಿ ಮಾತನಾಡಿಸುವ ದೃಶ್ಯ ಬಂದಾಗ ಇದೇ ಪಟ್ಟಿ ಮತ್ತೆ ಬೇಕಾಗುತ್ತದೆ.

ಚೀಟಿಗಳನ್ನು ಬುಟ್ಟಿಯಿಂದಲೇ ಎತ್ತಿಸಿರಿ, ನಿಮ್ಮ ಕೈಯಿಂದ ಹಂಚಬೇಡಿ. ದೈನಂದಿನ ಬದುಕಿನಲ್ಲಿ ಕೆಳಗಿನ ಸ್ಥಾನವನ್ನು ಉಂಡಿರುವ ಮಗುವಿಗೆ ಆಟದಲ್ಲಿಯೂ ಎರಡರ ಚೀಟಿ ಬಂದರೆ ಅದೇ ದಿನ ಎರಡನೆಯ ಸುತ್ತು ಆಡಿಸಿ ಬೇರೆ ಚೀಟಿ ಸಿಗುವಂತೆ ನೋಡಿಕೊಳ್ಳಿರಿ. ಆ ಆಟದ ಗಾಯದೊಂದಿಗೆ ಯಾರೂ ಮನೆಗೆ ಹೋಗಬಾರದು.

ನಾಲ್ಕು ಮತ್ತು ಐದನೆಯ ವಾರ: ಎರಡು ಭಾಷೆಯ ದೃಶ್ಯಗಳು

ಈಗ ಮಾತಿಗೆ ಬರಬಹುದು. ಮೊದಲ ಕ್ರಮದಲ್ಲಿ ಇಬ್ಬರು ತಮ್ಮ ತಮ್ಮ ಮನೆಮಾತಿನಲ್ಲಿಯೇ ಮಾತನಾಡುತ್ತಾರೆ, ಯಾರೂ ಇನ್ನೊಂದು ಭಾಷೆಗೆ ಹೊರಳುವಂತಿಲ್ಲ, ಆದರೂ ಕೆಲಸ ಸಾಗಬೇಕು: ಕೆಟ್ಟ ಪಂಪ್‌ಸೆಟ್ ರಿಪೇರಿಯಾಗಬೇಕು, ಕಳೆದುಹೋದ ಎಮ್ಮೆ ಸಿಗಬೇಕು. ಬೆಳಗಾವಿಯ ಸಂತೆಗಳಲ್ಲಿ ಹಿರಿಯರು ದಿನವೂ ಹೀಗೆಯೇ ವ್ಯವಹರಿಸುವುದನ್ನು ಮಕ್ಕಳು ನೋಡಿರುವುದರಿಂದ ಇದು ಅವರಿಗೆ ಸಲೀಸು. ಎರಡನೆಯ ಕ್ರಮದಲ್ಲಿ ನಡುವೆ ಮೂರನೆಯವರೊಬ್ಬರು ದುಭಾಷಿಯಾಗಿ ನಿಲ್ಲುತ್ತಾರೆ. ಒಬ್ಬರು ಸಿಟ್ಟಿನಲ್ಲಿ ಹೇಳಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ದುಭಾಷಿ ಏನನ್ನು ಉಳಿಸಿಕೊಂಡ, ಏನನ್ನು ಮೆತ್ತಗೆ ಮಾಡಿದ, ಏನನ್ನು ನುಂಗಿಬಿಟ್ಟ ಎಂಬುದನ್ನು ನೋಡುಗರು ಬರೆದುಕೊಳ್ಳಲಿ. ಎರಡು ಮನೆಮಾತುಗಳ ನಡುವೆ ಬೆಳೆದ ಮಕ್ಕಳು ಈ ಪಾತ್ರದಲ್ಲಿ ಮಿಂಚುತ್ತಾರೆ, ಮತ್ತು ತರಗತಿಯಲ್ಲಿ ಅವರಿಗೆ ಸಿಗದಿದ್ದ ಮನ್ನಣೆ ಅಂದು ಸಿಗುತ್ತದೆ.

ಮೂರನೆಯ ಕ್ರಮ ಕಠಿಣವಾದದ್ದು, ನನಗೆ ಅತಿ ಮುಖ್ಯವೆನಿಸುವುದೂ ಅದೇ. ಪ್ರತಿಯೊಬ್ಬರೂ ತಮಗೆ ಕಡಿಮೆ ಬರುವ ಭಾಷೆಯಲ್ಲಿಯೇ ದೃಶ್ಯವನ್ನು ಆಡಬೇಕು. ಕನ್ನಡದಲ್ಲಿ ಚಟಪಟ ಮಾತನಾಡುವ ಹುಡುಗಿ ಮರಾಠಿಯಲ್ಲಿಯೋ ಉರ್ದುವಿನಲ್ಲಿಯೋ ದವಾಖಾನೆಯ ಕಂಪೌಂಡರಿಗೆ ತನ್ನ ತಮ್ಮನ ಜ್ವರದ ಬಗ್ಗೆ ಹೇಳಬೇಕು. ಮಾತು ಸಿಗದೆ ತಡವರಿಸುವಾಗ ಎದುರಿನವರು ಕಾಯಬೇಕು, ತಾವೇ ಮಾತು ತುಂಬಿಕೊಡಬಾರದು. ತಾಲೂಕು ಆಸ್ಪತ್ರೆಯಲ್ಲಿ ಲಂಬಾಣಿ ತಾಯಿಯೊಬ್ಬರು, ಬ್ಯಾಂಕಿನಲ್ಲಿ ಮರಾಠಿ ಮಾತ್ರ ಬಲ್ಲ ಅಜ್ಜಿಯೊಬ್ಬರು, ಮಹಾರಾಷ್ಟ್ರದ ಕಚೇರಿಯಲ್ಲಿ ಅಥಣಿಯ ಕನ್ನಡದ ರೈತರೊಬ್ಬರು ಅನುಭವಿಸುವುದನ್ನು ಮಗು ಅಲ್ಲಿ ತನ್ನ ನಾಲಿಗೆಯಲ್ಲಿಯೇ ಅನುಭವಿಸುತ್ತದೆ. ಈ ಕ್ರಮಕ್ಕೆ ಒತ್ತಾಯ ಸಲ್ಲದು. ಮುಂದೆ ಬಂದವರು ಆಡಲಿ, ಮತ್ತು ಮೊದಲು ಆಡುವವರು ಶಿಕ್ಷಕರಾಗಿರಲಿ. ಕನ್ನಡದ ಶಿಕ್ಷಕರು ಮರಾಠಿಯಲ್ಲಿ, ಮರಾಠಿಯ ಶಿಕ್ಷಕಿಯರು ಕನ್ನಡದಲ್ಲಿ ತಪ್ಪು ತಪ್ಪಾಗಿ ಮಾತನಾಡಿ ಕೆಲಸ ಸಾಧಿಸುವುದನ್ನು ಕಂಡ ಮಕ್ಕಳಿಗೆ ತಪ್ಪಿನ ಹೆದರಿಕೆ ಉಳಿಯುವುದಿಲ್ಲ.

ದೃಶ್ಯಗಳ ವಿಷಯವನ್ನು ಆರಿಸುವಾಗ ಎಚ್ಚರ ಬೇಕು. ಬಸ್ಸಿನಲ್ಲಿ ಟಿಕೆಟ್ ಕೇಳುವುದು, ಅಂಗಡಿಯ ನಾಮಫಲಕ, ಗಡಿಯ ವಿಚಾರ, ಇವು ಪತ್ರಿಕೆಗಳ ಮುಖಪುಟಕ್ಕೆ ಬಂದ ಸಂಗತಿಗಳು. ಮಕ್ಕಳು ಇವುಗಳನ್ನು ಆಡುವಾಗ ತಮ್ಮ ಅನುಭವವನ್ನು ಬಿಟ್ಟು, ಮನೆಯ ಹಿರಿಯರಿಂದ ಕೇಳಿದ ಘೋಷಣೆಗಳನ್ನು ಆಡತೊಡಗುತ್ತಾರೆ. ಆ ವಿಷಯಗಳನ್ನು ಎಂಟು ವಾರದ ಈ ಕ್ರಮದಿಂದ ಹೊರಗೆ ಇಡಿರಿ. ಚಿಕ್ಕದು, ಹತ್ತಿರದ್ದು ಒಳ್ಳೆಯದು: ಹಂಗಾಮಿನ ನಡುವೆ ಶಾಲೆಗೆ ಸೇರಿದ ಕಬ್ಬಿನ ಗ್ಯಾಂಗಿನ ಹುಡುಗಿಗೆ ಬೆಂಚಿನಲ್ಲಿ ಜಾಗ, ಊಟದ ಡಬ್ಬಿ ತೆರೆದಾಗಿನ ಮುಖಗಳು, ಓದಲು ದೂರದ ರಾಜ್ಯದಿಂದ ಬಂದ ವಿದ್ಯಾರ್ಥಿಯೊಬ್ಬ ಬಾಡಿಗೆ ಖೋಲಿ ಕೇಳುವುದು, ಹಬ್ಬದ ಮರುದಿನ ರಜೆ ಹಾಕಿದವನಿಗೆ ಪಾಠ ಹೇಳಿಕೊಡುವುದು. ಹಬ್ಬಗಳ ಮಾತು ಬಂದಾಗ ಒಂದನ್ನು ನೆನಪಿಸುವುದು ಉಪಯುಕ್ತ. ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಮೊಹರಂ ಹಬ್ಬವನ್ನು ಹಿಂದೂಗಳೂ ಮುಸ್ಲಿಮರೂ ಕೂಡಿ ಆಚರಿಸುತ್ತಾರೆ, ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಇದು ಅವರ ಹಬ್ಬ, ಇದು ನಮ್ಮದು ಎಂದು ಬೇಲಿ ಹಾಕಿ ದೃಶ್ಯ ಕಟ್ಟಲು ಹೊರಟ ಮಕ್ಕಳಿಗೆ ಹಳ್ಳಿಯಿಂದ ಬಂದ ಸಹಪಾಠಿಯೇ ಇದನ್ನು ಹೇಳಿ ತಡೆ ಹಾಕಬಹುದು.

ಆರು ಮತ್ತು ಏಳನೆಯ ವಾರ: ಮತ್ತೆ ಆಡುವ ನಾಟಕ

ಬ್ರೆಜಿಲ್‌ನ ರಂಗಕರ್ಮಿ ಆಗುಸ್ತೋ ಬೋಆಲ್ ಅವರು 1973ರಲ್ಲಿ ಪೆರು ದೇಶದ ಸಾಕ್ಷರತಾ ಕಾರ್ಯಕ್ರಮವೊಂದರಲ್ಲಿ ಕೆಲಸ ಮಾಡಿದರು. ಅಲ್ಲಿನ ಜನರಿಗೆ ಅವರ ಮನೆಮಾತನ್ನು ಬಿಡಿಸದೆ, ಮನೆಮಾತಿನಲ್ಲಿಯೂ ಸ್ಪ್ಯಾನಿಷಿನಲ್ಲಿಯೂ ಓದುಬರಹ ಕಲಿಸುವುದು ಆ ಕಾರ್ಯಕ್ರಮದ ಉದ್ದೇಶವಾಗಿತ್ತು. ಪ್ರೇಕ್ಷಕರೇ ರಂಗಕ್ಕೆ ಬಂದು ಕಥೆಯ ದಾರಿ ಬದಲಿಸುವ ‘ಫೋರಮ್’ ರಂಗಭೂಮಿಯ ಕ್ರಮವನ್ನು ಅವರು ಕಂಡುಕೊಂಡದ್ದು ಅಲ್ಲಿಯೇ. ನಮ್ಮ ದೇಶದಲ್ಲಿ ಪಶ್ಚಿಮ ಬಂಗಾಳದ ಜನ ಸಂಸ್ಕೃತಿ ತಂಡವು 1985ರಿಂದ ಹಳ್ಳಿಗಳಲ್ಲಿ ಈ ಪರಂಪರೆಯನ್ನು ಬೆಳೆಸಿಕೊಂಡು ಬಂದಿದೆ.

ತರಗತಿಯಲ್ಲಿ ಇದನ್ನು ಹೀಗೆ ನಡೆಸಬಹುದು. ಹಿಂದಿನ ವಾರಗಳ ದೃಶ್ಯಗಳಲ್ಲಿ ಕೆಟ್ಟದಾಗಿ ಮುಗಿದ ಒಂದನ್ನು ಮಕ್ಕಳೇ ಆರಿಸಲಿ. ಕಬ್ಬಿನ ಗ್ಯಾಂಗಿನ ಹುಡುಗಿಯ ದೃಶ್ಯವೆಂದುಕೊಳ್ಳೋಣ. ಬೆಂಚಿನ ಮೇಲಿನ ಮೂವರಲ್ಲಿ ಒಬ್ಬಳು ಜಾಗವಿಲ್ಲವೆನ್ನುತ್ತಾಳೆ, ಇನ್ನೊಬ್ಬಳು ಚೀಲವನ್ನು ಅಡ್ಡ ಇಡುತ್ತಾಳೆ, ಮೂರನೆಯವಳು ಸುಮ್ಮನೆ ಪುಸ್ತಕ ನೋಡುತ್ತಾಳೆ, ಹೊಸ ಹುಡುಗಿ ಹಿಂದಿನ ನೆಲದ ಮೇಲೆ ಕೂರುತ್ತಾಳೆ. ಈ ದೃಶ್ಯವನ್ನು ಒಮ್ಮೆ ಪೂರ್ತಿ ಆಡಿಸಿ, ಎರಡನೆಯ ಸಲ ಆರಂಭಿಸುವಾಗ, ಎಲ್ಲಿ ಬೇರೆ ರೀತಿ ನಡೆಯಬಹುದಿತ್ತೆಂದು ಅನಿಸುತ್ತದೆಯೋ ಅಲ್ಲಿ ಗಂಟೆ ಬಾರಿಸಿ, ಒಬ್ಬರ ಜಾಗಕ್ಕೆ ಬಂದು ಆಡಿ ತೋರಿಸಿರಿ ಎಂದು ನೋಡುಗರಿಗೆ ಹೇಳಿರಿ. ಚೀಲ ಅಡ್ಡ ಇಟ್ಟವಳ ಪಾತ್ರವನ್ನು ಮಾತ್ರ ಯಾರೂ ಬದಲಿಸುವಂತಿಲ್ಲ. ಕೆಟ್ಟವಳು ಏಕಾಏಕಿ ಒಳ್ಳೆಯವಳಾದರೆ ಕಲಿಯಲು ಏನೂ ಉಳಿಯುವುದಿಲ್ಲ. ಹೆಚ್ಚಿನ ಮಕ್ಕಳು ಮೊದಲು ಹೊಸ ಹುಡುಗಿಯ ಜಾಗಕ್ಕೆ ನುಗ್ಗಿ ಜಗಳಾಡುತ್ತಾರೆ. ಆಗ ಸಾರಥಿ ಕೇಳಬೇಕು: ನಿನ್ನೆಯಷ್ಟೇ ಊರಿಗೆ ಬಂದ, ಭಾಷೆ ಬರದ ಹುಡುಗಿಗೆ ಹೀಗೆ ಜಗಳಾಡಲು ಆಗುತ್ತಿತ್ತೇ? ಈ ಪ್ರಶ್ನೆಯ ನಂತರ ಕಣ್ಣುಗಳು ನಿಧಾನವಾಗಿ ಪುಸ್ತಕ ನೋಡುತ್ತ ಕುಳಿತವಳ ಕಡೆಗೆ ತಿರುಗುತ್ತವೆ. ಏನೂ ಮಾಡದೆ ಕುಳಿತ ಆ ಮೂರನೆಯವಳ ಜಾಗದಲ್ಲಿ ನಿಂತು ಏನು ಮಾಡಬಹುದು ಎಂದು ಮಕ್ಕಳು ಹುಡುಕತೊಡಗಿದಾಗಲೇ ಈ ಕ್ರಮವು ತನ್ನ ಕೆಲಸ ಆರಂಭಿಸಿದೆ ಎಂದು ತಿಳಿಯಿರಿ, ಯಾಕೆಂದರೆ ನಿಜ ಬದುಕಿನಲ್ಲಿ ನಮ್ಮಲ್ಲಿ ಬಹಳ ಜನ ಇರುವುದು ಆ ಜಾಗದಲ್ಲಿಯೇ.

ನಿಮ್ಮ ತರಗತಿಯಲ್ಲಿ ನಿಜವಾಗಿಯೂ ಗ್ಯಾಂಗಿನ ಮಗು ಇದ್ದರೆ ಈ ದೃಶ್ಯವನ್ನು ಅವಳ ಎದುರು ಆಡಬೇಡಿ, ಅವಳಿಂದ ಆಡಿಸಲೂಬೇಡಿ. ಬೇರೆ ದೃಶ್ಯವನ್ನು ಆರಿಸಿರಿ. ತರಗತಿಯಲ್ಲಿರುವ ಒಬ್ಬ ವ್ಯಕ್ತಿಯ ಗುರುತು ಹತ್ತುವಂಥ ಯಾವ ಕಥೆಯೂ ರಂಗಕ್ಕೆ ಬರಬಾರದು.

ಆಟದ ನಂತರದ ಮಾತು

ಪ್ರತಿ ತರಗತಿಯ ಕೊನೆಯ ಮೂರನೆಯ ಒಂದು ಭಾಗವನ್ನು ಮಾತುಕತೆಗೆ ಮೀಸಲಿಡಿರಿ. ಸಮಯ ಸಾಲದಿದ್ದರೆ ಆಟವನ್ನು ಕಡಿಮೆ ಮಾಡಿರಿ, ಇದನ್ನು ಕಡಿಮೆ ಮಾಡಬೇಡಿ. ವೃತ್ತಾಕಾರವಾಗಿ ನೆಲದ ಮೇಲೆ ಕುಳಿತು, ಮೊದಲು ಕಂಡದ್ದನ್ನು ಮಾತ್ರ ಕೇಳಿರಿ: ಯಾರು ಎಲ್ಲಿ ನಿಂತಿದ್ದರು, ಯಾವಾಗ ದನಿ ಏರಿತು. ಆಮೇಲೆ ಆಡಿದವರಿಗೆ ಏನನಿಸಿತು ಎಂದು ಕೇಳಿರಿ. ಕೊನೆಗೆ, ಇಂಥದ್ದನ್ನು ಹೊರಗೆ ಎಲ್ಲಿ ನೋಡಿದ್ದೀರಿ ಎಂದು ಕೇಳಿರಿ. ಈ ಅನುಕ್ರಮ ತಪ್ಪಿ ಮೊದಲೇ “ಇದರಿಂದ ಏನು ಕಲಿತಿರಿ?” ಎಂದು ಕೇಳಿದರೆ “ಎಲ್ಲರೂ ಒಂದಾಗಿ ಬಾಳಬೇಕು” ಎಂಬ ಸಿದ್ಧ ಉತ್ತರ ಬರುತ್ತದೆ, ಮತ್ತು ಮಾತು ಅಲ್ಲಿಗೇ ಸಾಯುತ್ತದೆ. ಯಾವ ಮಗುವನ್ನೂ ಅದರ ಸಮುದಾಯದ ವಕ್ತಾರನನ್ನಾಗಿ ಮಾಡಬೇಡಿ, “ನಿಮ್ಮವರಲ್ಲಿ ಇದನ್ನು ಹೇಗೆ ಮಾಡುತ್ತಾರೆ?” ಎಂಬ ಪ್ರಶ್ನೆಗಿಂತ “ನಿಮ್ಮ ಮನೆಯಲ್ಲಿ ಹೇಗೆ?” ಎಂಬ ಪ್ರಶ್ನೆ ಪ್ರಾಮಾಣಿಕವಾದದ್ದು. ಮಾತುಕತೆ ಯಾವ ಭಾಷೆಯಲ್ಲಿಯಾದರೂ ನಡೆಯಲಿ, ಪಕ್ಕದವರು ಅನುವಾದಿಸಲಿ.

ಅಣಕದ ನಗು ಎದ್ದಾಗ ಬೈದರೆ ಅದು ಹೊರಗೆ ಹೋಗಿ ಇನ್ನಷ್ಟು ಬೆಳೆಯುತ್ತದೆ. ದೃಶ್ಯವನ್ನು ನಿಲ್ಲಿಸಿ, ಆಡುವವರನ್ನು ಆ ಭಂಗಿಯಲ್ಲಿಯೇ ನಿಲ್ಲಿಸಿ, ನಾವು ಈಗ ಯಾವುದಕ್ಕೆ ನಕ್ಕೆವು ಎಂದು ಗಂಭೀರವಾಗಿ ಕೇಳಿರಿ. ಸನ್ನಿವೇಶಕ್ಕೆ ನಕ್ಕ ನಗುವನ್ನೂ ವ್ಯಕ್ತಿಗೆ ನಕ್ಕ ನಗುವನ್ನೂ ಹದಿಮೂರು ವರ್ಷದ ಮಕ್ಕಳು ಸರಿಯಾಗಿಯೇ ಬೇರ್ಪಡಿಸಬಲ್ಲರು.

ಎಂಟನೆಯ ವಾರ ಮತ್ತು ಮೌಲ್ಯಮಾಪನ

ಅಭಿನಯಕ್ಕೆ ಅಂಕ ಕೊಡಬೇಡಿ. ಅಂತರ್‌ಸಾಂಸ್ಕೃತಿಕ ಸಾಮರ್ಥ್ಯದ ಬಗ್ಗೆ 1997ರಲ್ಲಿ ಬರೆದ ಬ್ರಿಟನ್ನಿನ ವಿದ್ವಾಂಸ ಮೈಕೆಲ್ ಬೈರಮ್ ಅವರು ಜ್ಞಾನಕ್ಕಿಂತ ಮಿಗಿಲಾದ ಸಂಗತಿಗಳನ್ನು ಅದರಲ್ಲಿ ಸೇರಿಸಿದ್ದಾರೆ: ಕುತೂಹಲ ಮತ್ತು ತೆರೆದ ಮನಸ್ಸು, ಅರ್ಥೈಸುವ ಕೌಶಲ, ಎದುರಿನವರಿಂದಲೇ ಕಂಡುಕೊಳ್ಳುವ ಕೌಶಲ, ಮತ್ತು ತನ್ನ ಸಂಸ್ಕೃತಿಯನ್ನೂ ವಿಮರ್ಶೆಯಿಂದ ನೋಡುವ ಅರಿವು. ಇವನ್ನು ಸಣ್ಣ ಟಿಪ್ಪಣಿ ಪುಸ್ತಕವೊಂದರಲ್ಲಿ ನಡವಳಿಕೆಗಳಾಗಿ ಗುರುತಿಸಿರಿ. ಭಾಷೆ ತಿಳಿಯದಿದ್ದಾಗ ಮಗು ದನಿ ಏರಿಸಿತೋ, ಬೇರೆ ರೀತಿಯಲ್ಲಿ ಹೇಳಲು ನೋಡಿತೋ? ಎದುರಿನವರನ್ನು ಕೇಳಿ ತಿಳಿಯಿತೋ, ತಾನೇ ಊಹಿಸಿತೋ? ಯಾರೂ ಹೇಳದೆಯೇ ಬೇರೆ ಗುಂಪಿನವರೊಂದಿಗೆ ಜೋಡಿಯಾಯಿತೋ? ಮೊದಲ ವಾರದ ಮತ್ತು ಎಂಟನೆಯ ವಾರದ ಟಿಪ್ಪ­ಣಿಗಳನ್ನು ಅಕ್ಕಪಕ್ಕ ಇಟ್ಟು ನೋಡಿರಿ. ಊಟದ ಬಿಡುವಿನಲ್ಲಿ ಯಾರು ಯಾರ ಜೊತೆ ಕೂರುತ್ತಾರೆ ಎಂಬುದನ್ನೂ ದೂರದಿಂದ ಗಮನಿಸಿರಿ. ಅದು ಬದಲಾಗಲು ಎಂಟು ವಾರಕ್ಕಿಂತ ಹೆಚ್ಚು ಹಿಡಿಯಬಹುದು, ಬದಲಾಗದಿದ್ದರೆ ಆಟಗಳನ್ನು ಮುಂದಿನ ಅವಧಿಯಲ್ಲಿಯೂ ಮುಂದುವರಿಸಿರಿ.

ಮಕ್ಕಳು ಚೆನ್ನಾಗಿ ಆಡತೊಡಗಿದಾಗ, ಇದನ್ನು ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಪ್ರದರ್ಶಿಸಿರಿ ಎಂಬ ಬೇಡಿಕೆ ಶಾಲೆಯಿಂದ ಖಂಡಿತ ಬರುತ್ತದೆ. ವಿನಯದಿಂದ ಬೇಡವೆನ್ನಿರಿ. ವೇದಿಕೆಗೆ ಹೋದೊಡನೆ ಮಾತುಗಳನ್ನು ಬರೆದುಕೊಡಬೇಕಾಗುತ್ತದೆ, ಚಪ್ಪಾಳೆ ಬರುವ ಸಾಲುಗಳು ಉಳಿಯುತ್ತವೆ, ತಡವರಿಕೆಗಳು ಹೋಗುತ್ತವೆ. ಕಲಿಕೆ ಇದ್ದದ್ದು ಆ ತಡವರಿಕೆಗಳಲ್ಲಿ. ಅದಕ್ಕೆ ಬದಲಾಗಿ ಎಂಟನೆಯ ವಾರದ ತರಗತಿಗೆ ಪಾಲಕರನ್ನು ಕರೆಯಿರಿ, ಪ್ರೇಕ್ಷಕರನ್ನಾಗಿ ಕೂರಿಸದೆ ಆಟಗಾರರನ್ನಾಗಿ ಸೇರಿಸಿಕೊಳ್ಳಿರಿ. ಮಕ್ಕಳೇ ಸಾರಥಿಗಳಾಗಿ ಬೋಲುಗಳ ಸಂತೆಯ ಆಟವನ್ನು ಹಿರಿಯರಿಗೆ ಕಲಿಸಲಿ, ತಡೆ ಹಾಕುವ ಸಂಜ್ಞೆಯನ್ನೂ ಕಲಿಸಲಿ. ಹೊಲ, ಕಾರ್ಖಾನೆ, ಅಂಗಡಿಗಳಿಂದ ಬರುವ ಪಾಲಕರಿಗೆ ಅನುಕೂಲವಾಗುವಂತೆ ಇದನ್ನು ಸಂಜೆಯ ಹೊತ್ತಿಗೆ ಅಥವಾ ವಾರದ ರಜೆಯ ದಿನ ಇಟ್ಟುಕೊಳ್ಳುವುದು ಒಳ್ಳೆಯದು, ಮತ್ತು ಕರೆಯೋಲೆಯನ್ನು ತರಗತಿಯಲ್ಲಿರುವ ಎಲ್ಲ ಮನೆಮಾತುಗಳಲ್ಲಿಯೂ ಮಕ್ಕಳಿಂದಲೇ ಬರೆಸಿ ಒಂದು ವಾರ ಮೊದಲೇ ಕಳಿಸಿರಿ.